ಟೊಮಾಟಿಲ್ಲೊ ಕೈಕೊಟ್ಟಾಗ: ಗಿಡದಿಂದ ಸಾಲ್ಸಾದವರೆಗೆ ದೋಷ ಪತ್ತೆ

ಮೆಕ್ಸಿಕೊದ ಸಾಲ್ಸಾ ವೆರ್ದೆ (ಹಸಿರು ಚಟ್ನಿ), ಮೋಲೆ ವೆರ್ದೆ (ರುಬ್ಬಿದ ಹಸಿರು ಗೊಜ್ಜು), ಹಸಿರು ಚಿಲಾಕಿಲೆಸ್ (ಸಾಲ್ಸಾದಲ್ಲಿ ಅದ್ದಿದ ರೊಟ್ಟಿ ಚೂರು), ಹಸಿರು ಎಂಚಿಲಾದಾ (ಸಾಲ್ಸಾ ಸುರಿದ ರೊಟ್ಟಿ ಸುರುಳಿ) ಎಲ್ಲದಕ್ಕೂ ಹುಳಿ ಕೊಡುವುದು ಟೊಮಾಟಿಲ್ಲೊ. ಕಾಗದದಂಥ ಹೊರಸಿಪ್ಪೆಯೊಳಗೆ ಬೆಳೆಯುವ ಈ ಕಾಯಿ ಬಲಿಯದ ಟೊಮೇಟೊ ಅಲ್ಲ. ಬದನೆ ಕುಟುಂಬಕ್ಕೇ ಸೇರಿದ ಬೇರೆ ಗಿಡ, ಸಸ್ಯಶಾಸ್ತ್ರದ ಹೆಸರು ಫೈಸಾಲಿಸ್ ಫಿಲಡೆಲ್ಫಿಕಾ. ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಬುಡ್ಡೆಹಣ್ಣು, ಹಣ್ಣಿನಂಗಡಿಯ ರಸಭರಿ ಇದರ ನೆಂಟರು. ಟೊಮೇಟೊ ಬೆಳೆದು ರೂಢಿಯಾದವರು ಇದನ್ನೂ ಹಾಗೇ ಸಾಕುತ್ತಾರೆ, ಹಾಗೇ ಬೇಯಿಸುತ್ತಾರೆ. ತೋಟದ ಮತ್ತು ಅಡುಗೆಮನೆಯ ಬಹುಪಾಲು ತೊಂದರೆಗಳ ಬೇರು ಅಲ್ಲಿದೆ.

ಕೆಳಗಿನ ಒಂದೊಂದು ಭಾಗವೂ ಕಣ್ಣಿಗೆ ಬೀಳುವ ಅಥವಾ ನಾಲಿಗೆಗೆ ಸಿಗುವ ಲಕ್ಷಣದಿಂದ ಶುರುವಾಗುತ್ತದೆ. ಖರ್ಚಿಲ್ಲದ ತಪಾಸಣೆ ಮೊದಲು. ಅದು ಮುಗಿಯುವ ತನಕ ಗೊಬ್ಬರ, ಔಷಧಿ, ಸಕ್ಕರೆ ಯಾವುದಕ್ಕೂ ಕೈಹಾಕಬೇಡಿ.

## ಗಿಡ ತುಂಬ ಹೂವು, ಕಾಯಿ ಮಾತ್ರ ಒಂದೂ ಇಲ್ಲ

ಮೊದಲು ಗಿಡಗಳನ್ನು ಎಣಿಸಿ. ಒಂದೇ ಗಿಡವಿದ್ದರೆ ಕಾರಣ ಸಿಕ್ಕಿತು. ಟೊಮೇಟೊ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ, ಟೊಮಾಟಿಲ್ಲೊ ತನ್ನ ಪರಾಗವನ್ನು ತಾನೇ ತಿರಸ್ಕರಿಸುತ್ತದೆ. ಬೇರೊಂದು ಗಿಡದ ಪರಾಗ ಬಂದು ಬಿದ್ದರಷ್ಟೇ ಕಾಯಿ. ಹೀಗಾಗಿ ಟೊಮೇಟೊಗೆ ಮಾಡುವಂತೆ ಹೂಗೊಂಚಲನ್ನು ಅಲುಗಾಡಿಸಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ನರ್ಸರಿಯಿಂದ ಒಂದೇ ಕುಂಡ ತಂದು ಹಿತ್ತಲಲ್ಲಿ ನೆಟ್ಟರೆ ಎದುರಾಗುವುದೂ ಇದೇ.

ಎರಡು ಗಿಡಗಳಿದ್ದೂ ಕಾಯಿ ಇಲ್ಲವೇ? ಆ ಎರಡು ಎಲ್ಲಿಂದ ಬಂದವು ನೋಡಿ. ಒಂದೇ ಗಿಡದಿಂದ ಮುರಿದು ಬೇರು ಬರಿಸಿದ ಕಡ್ಡಿಗಳಾದರೆ ಅವು ಲೆಕ್ಕಕ್ಕೆ ಒಂದೇ ಗಿಡ. ಬೀಜದಿಂದ ಎದ್ದ ಎರಡು ಬೇರೆ ಸಸಿಗಳು ಬೇಕು, ಮೂರು ನಾಲ್ಕು ಇದ್ದರೆ ಇನ್ನೂ ನಿಶ್ಚಿಂತೆ. ತಳಿ ಬೇರೆ ಆಗಬೇಕೆಂದೇನಿಲ್ಲ. ‘ರೆಂದಿದೋರಾ’ದ ಎರಡು ಬೀಜ ಸಸಿಗಳೇ ಸಾಕು. ಪಕ್ಕದಲ್ಲಿ ರಸಭರಿ ಗಿಡವಿದೆ ಎಂದು ನೆಚ್ಚಿಕೊಳ್ಳಬೇಡಿ, ಅದು ಈ ಕೆಲಸಕ್ಕೆ ಬಾರದು. ಗಿಡದಿಂದ ಗಿಡಕ್ಕೆ 60ರಿಂದ 90 ಸೆಂ.ಮೀ. ಅಂತರವಿರಲಿ. ತೀರಾ ದೂರ ನೆಟ್ಟರೆ ಜೇನ್ನೊಣ ಒಂದರಿಂದ ಇನ್ನೊಂದಕ್ಕೆ ಹಾರುವುದು ಕಡಿಮೆಯಾಗುತ್ತದೆ.

ಗಿಡಗಳು ಸರಿಯಿದ್ದರೆ ಮುಂದಿನದು ನೊಣಗಳ ತಪಾಸಣೆ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಹದಿನೈದು ನಿಮಿಷ ಗಿಡದ ಹತ್ತಿರ ನಿಂತು ನೋಡಿ. ಜೇನ್ನೊಣ, ದುಂಬಿ ಒಂದೂ ಬಾರದಿದ್ದರೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಮೆತ್ತನೆಯ ಚಿತ್ರಕಲೆ ಕುಂಚವನ್ನು ಮೊದಲ ಗಿಡದ ಅರಳಿದ ಹೂವಿನ ಕೇಸರಗಳ ಮೇಲೆ ಆಡಿಸಿ, ಎರಡನೇ ಗಿಡದ ಹೂವಿನ ನಡುವಿನ ಶಲಾಕೆಯ ತುದಿಗೆ ತಾಕಿಸಿ. ಆಮೇಲೆ ಎರಡನೆಯದರಿಂದ ಮೊದಲನೆಯದಕ್ಕೆ. ಬಲೆಮನೆಯಲ್ಲಿ, ಬಾಲ್ಕನಿಯ ಜಾಲರಿಯೊಳಗೆ ಬೆಳೆಸುವವರಿಗೆ ಇದು ತಪ್ಪಿದ್ದಲ್ಲ.

ನೊಣಗಳೂ ಬರುತ್ತಿವೆ, ಹೂವು ಮಾತ್ರ ತೊಟ್ಟಿನ ಸಮೇತ ಉದುರುತ್ತಿದೆ ಎಂದಾದರೆ ಹವೆ ನೋಡಿ. ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ದಾಟುವ ವಾರಗಳಲ್ಲಿ ಹೂವು ನಿಲ್ಲುವುದಿಲ್ಲ, ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೂ ನಿಲ್ಲುವುದಿಲ್ಲ. ಇದಕ್ಕೆ ಔಷಧಿಯಿಲ್ಲ. ಮಧ್ಯಾಹ್ನಕ್ಕೆ ತೆಳು ನೆರಳು, ಬುಡಕ್ಕೆ ಐದಾರು ಸೆಂ.ಮೀ. ಒಣಹುಲ್ಲಿನ ಹೊದಿಕೆ, ತಪ್ಪದೆ ನೀರು. ಹವೆ ತಿರುಗಿದಾಗ ಹೊಸ ಹೂವು ಕಾಯಿ ಕಟ್ಟುತ್ತದೆ.

ಕೊನೆಗೆ ಗೊಬ್ಬರದ ಮಾತು. ಎಲೆ ಕಡುಹಸಿರು, ಕೊಂಬೆ ಸೊಕ್ಕಿ ಬೆಳೆದಿದೆ, ಹೂವೇ ವಿರಳ ಎಂದರೆ ಸಾರಜನಕ ಹೆಚ್ಚಾಗಿದೆ. ಯೂರಿಯಾ, ಕೋಳಿಗೊಬ್ಬರ ಎರಡನ್ನೂ ನಿಲ್ಲಿಸಿ. ಕಾಯಿ ಇಲ್ಲವೆಂದು ಮತ್ತಷ್ಟು ಗೊಬ್ಬರ ಸುರಿಯುವುದು ಈ ಗಿಡಕ್ಕೆ ಮಾಡುವ ದೊಡ್ಡ ಅನ್ಯಾಯ.

## ಹೊರಸಿಪ್ಪೆ ಉಬ್ಬಿದೆ, ಹಿಚುಕಿದರೆ ಒಳಗೆ ಟೊಳ್ಳು

ಗಾಬರಿ ಬೇಡ. ಹೂವು ಉದುರಿದ ಮೇಲೆ ಮೊದಲು ಬೆಳೆಯುವುದು ಹೊರಸಿಪ್ಪೆ. ಕಾಯಿ ಅದರೊಳಗೆ ನಿಧಾನವಾಗಿ ತುಂಬುತ್ತದೆ. ಎರಡು ಮೂರು ವಾರದ ಬುಡ್ಡೆ ಟೊಳ್ಳಾಗಿಯೇ ಇರುತ್ತದೆ. ಬೆಳಕಿಗೆ ಹಿಡಿದರೆ ಒಳಗಿನ ಪುಟ್ಟ ಕಾಯಿಯ ನೆರಳು ಕಾಣುತ್ತದೆ. ನಾಲ್ಕೈದು ಬುಡ್ಡೆಗಳಿಗೆ ದಾರ ಕಟ್ಟಿ ಗುರುತು ಮಾಡಿ, ವಾರಕ್ಕೊಮ್ಮೆ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾದದ್ದು ದೊಡ್ಡದಾಗುತ್ತ ಹೋದರೆ ಎಲ್ಲವೂ ಸರಿ.

ಐದು ವಾರವಾದರೂ ಒಳಗೆ ಬಟಾಣಿಯಷ್ಟೂ ಇಲ್ಲ, ಹೊರಸಿಪ್ಪೆ ಹಳದಿಯಾಗಿ ಒಣಗುತ್ತಿದೆ ಎಂದರೆ ಪರಾಗ ಸರಿಯಾಗಿ ಸೇರಿಲ್ಲ, ಮೇಲಿನ ಭಾಗಕ್ಕೆ ಹಿಂತಿರುಗಿ. ಎಲ್ಲ ಕಾಯಿಗಳೂ ಗೋಲಿಯಷ್ಟಕ್ಕೇ ನಿಂತರೆ ನೀರಿನ ಕಡೆ ನೋಡಿ: ಬೆರಳನ್ನು ಮಣ್ಣಿಗೆ ಐದು ಸೆಂ.ಮೀ. ಇಳಿಸಿದಾಗ ಒಣಗಿದ್ದರೆ ನೀರು ಸಾಲದು. ಆದರೆ ತಳಿಯನ್ನೂ ಕೇಳಿಕೊಳ್ಳಿ. ಮೆಕ್ಸಿಕೊದ ಮಿಲ್ಪಾ ಹೊಲಗಳಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳದ ನಡುವೆ ತಾನಾಗಿ ಏಳುವ ‘ಮಿಲ್ಪೆರೊ’ ಟೊಮಾಟಿಲ್ಲೊ ಹುಟ್ಟಿನಿಂದಲೇ ಗೋಲಿ ಗಾತ್ರದ್ದು. ರುಚಿ ದಟ್ಟವಾಗಿರುವುದರಿಂದ ಅಲ್ಲಿನ ಅಡುಗೆಯವರು ಅದನ್ನು ಹುಡುಕಿ ಕೊಳ್ಳುತ್ತಾರೆ.

## ಹೊರಸಿಪ್ಪೆ ಒಡೆದಿದೆ, ಕಾಯಿ ಹಳದಿ ಅಥವಾ ನೇರಳೆ

ಹೊರಸಿಪ್ಪೆ ಒಡೆಯುವುದು ರೋಗವಲ್ಲ, ಕೊಯ್ಲಿನ ಸೂಚನೆ. ಕಾಯಿ ಸಿಪ್ಪೆಯನ್ನು ಬಿಗಿಯಾಗಿ ತುಂಬಿ, ಸಿಪ್ಪೆ ಹಸಿರಿನಿಂದ ಹುಲ್ಲಿನ ಬಣ್ಣಕ್ಕೆ ತಿರುಗುವಾಗ ಕೀಳಬೇಕು. ಒಳಗಿನ ಕಾಯಿ ಆಗಲೂ ಹಸಿರಾಗಿ, ಗಟ್ಟಿಯಾಗಿ ಇರಬೇಕು. ಗಿಡದಲ್ಲೇ ಬಿಟ್ಟರೆ ಹಳದಿಯಾಗಿ, ಹುಳಿ ಇಳಿದು, ಬೀಜ ಹೆಚ್ಚಿ, ಸಪ್ಪೆ ಸಿಹಿಯಾಗುತ್ತದೆ. ಟೊಮೇಟೊದಂತೆ ಬಣ್ಣ ಬರಲಿ ಎಂದು ಕಾದರೆ ಸಾಲ್ಸಾಕ್ಕೆ ಬೇಕಾದ ಗುಣವೇ ಹೋಗುತ್ತದೆ. ನೇರಳೆ ಮಾತ್ರ ತಳಿಯ ಬಣ್ಣವಿರಬಹುದು, ಹಲಿಸ್ಕೊ ರಾಜ್ಯದ ‘ತಮಸೂಲಾ’ ಹಾಗಿರುತ್ತದೆ. ಕಳೆದ ವರ್ಷ ಉಳಿಸಿದ ಬೀಜದಿಂದ ಹಸಿರು, ನೇರಳೆ ಎರಡೂ ಎದ್ದರೆ ತಳಿಗಳು ಅಕ್ಕಪಕ್ಕದಲ್ಲಿ ಬೆರೆತಿವೆ. ತಿನ್ನಲು ಅಡ್ಡಿಯಿಲ್ಲ.

## ಹೊರಸಿಪ್ಪೆಯಲ್ಲಿ ದುಂಡನೆ ತೂತು

ಬಿಡಿಸಿ ನೋಡಿ. ಒಳಗೆ ಹಿಕ್ಕೆ, ಕೊರೆದ ಕಾಯಿ, ಕೆಲವೊಮ್ಮೆ ಹಸಿರು ಹುಳು. ಫೈಸಾಲಿಸ್ ಜಾತಿಯ ಗಿಡಗಳನ್ನೇ ಆರಿಸಿಕೊಂಡು ತಿನ್ನುವ ಒಂದು ಪತಂಗದ ಮರಿ ಇದು, ಹೆಸರು ಕ್ಲೋರಿಡಿಯಾ ಸಬ್‌ಫ್ಲೆಕ್ಸಾ. ಹೊರಸಿಪ್ಪೆಯೇ ಅದಕ್ಕೆ ರಕ್ಷಣೆ. ಒಳಹೊಕ್ಕ ಮೇಲೆ ಮೇಲಿಂದ ಸಿಂಪಡಿಸಿದ ಯಾವುದೂ ಅದನ್ನು ಮುಟ್ಟುವುದಿಲ್ಲ. ತೂತುಬಿದ್ದ ಬುಡ್ಡೆಗಳನ್ನೆಲ್ಲ ಕಿತ್ತು ಚೀಲದಲ್ಲಿ ಬಿಗಿದು ಬಿಸಿಲಿಗಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬಿ.ಟಿ. ಎಂಬ, ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಜೈವಿಕ ಪುಡಿ ಸಿಂಪಡಿಸುವುದಿದ್ದರೆ ಎಳೆ ಮರಿಗಳು ಹೊರಗಿರುವಾಗ, ಸಂಜೆ ಹೊತ್ತು. ಹತ್ತು ಬುಡ್ಡೆಗೆ ಒಂದೆರಡು ತೂತು ಎಂದರೆ ಕಿತ್ತುಹಾಕುವುದೇ ಸಾಕು. ಅರ್ಧಕ್ಕರ್ಧ ಹೋಗುತ್ತಿದ್ದರೆ ಹತ್ತಿರದ ಕೃಷಿ ಸಲಹಾ ಕೇಂದ್ರಕ್ಕೆ ಹುಳುವಿನ ಸಮೇತ ಮಾದರಿ ಒಯ್ಯಿರಿ.

## ಎಲೆಯಲ್ಲಿ ತೂತು, ಬಿಳಿ ಚುಕ್ಕೆ, ಮುದುಡು

ಎಲೆಯ ತುಂಬ ಸೂಜಿ ಚುಚ್ಚಿದಂಥ ಸಣ್ಣ ತೂತುಗಳಿದ್ದು, ಮುಟ್ಟಿದಾಗ ಕಪ್ಪು ಚುಕ್ಕೆಗಳು ನೆಗೆದು ಹೋದರೆ ಅದು ಜಿಗಿಯುವ ಚಿಟ್ಟುದುಂಬಿ. ಎಳೆ ಸಸಿಗೆ ಅಪಾಯ, ಬಲಿತ ಗಿಡಕ್ಕೆ ಲೆಕ್ಕಕ್ಕಿಲ್ಲ. ಸಸಿಗಳನ್ನು ಹೂ ಬಿಡುವ ತನಕ ತೆಳು ಬಟ್ಟೆಯಲ್ಲಿ ಮುಚ್ಚಿ, ಹೂವು ಬಂದೊಡನೆ ತೆಗೆಯಿರಿ. ಮರೆತರೆ ನೊಣ ಬರುವುದಿಲ್ಲ, ಕಾಯಿಯೂ ಇಲ್ಲ.

ಎಲೆಗಳನ್ನು ಅಂಚಿನಿಂದ ಮೇಯ್ದು ನರ ಮಾತ್ರ ಉಳಿಸಿದ್ದರೆ ಎಲೆಯಡಿ ನೋಡಿ. ಹಳದಿ ಮೈಮೇಲೆ ಮೂರು ಕಪ್ಪು ಪಟ್ಟೆಯ ದುಂಬಿ, ಅದರ ಮರಿಗಳ ಬೆನ್ನ ಮೇಲೆ ಅವುಗಳದೇ ಹಿಕ್ಕೆಯ ಗುಡ್ಡೆ. ಉತ್ತರ ಅಮೆರಿಕದಲ್ಲಿ ಟೊಮಾಟಿಲ್ಲೊವನ್ನು ಅತಿಯಾಗಿ ಕಾಡುವುದು ಇದೇ. ಕೈಯಿಂದ ಕಿತ್ತು ಸೋಪಿನ ನೀರಿಗೆ ಹಾಕಿ, ಎಲೆಯಡಿಯ ಹಳದಿ ಮೊಟ್ಟೆಗಳನ್ನು ಎರಡು ಮೂರು ದಿನಕ್ಕೊಮ್ಮೆ ಉಜ್ಜಿ ತೆಗೆಯಿರಿ. ನಾಲ್ಕಾರು ಗಿಡಗಳ ಹಿತ್ತಲಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಬಿಳಿ ಚುಕ್ಕೆಯನ್ನು ಬೆರಳಿನಿಂದ ಒರೆಸಿ ನೋಡಿ. ಹಿಟ್ಟಿನಂತೆ ಒರೆಸಿಹೋದರೆ ಬೂದಿರೋಗ: ಕೆಳಗಿನ ಎಲೆಗಳನ್ನು ಕತ್ತರಿಸಿ ಗಾಳಿ ಆಡಲು ಬಿಡಿ, ನೀರನ್ನು ಎಲೆಗಲ್ಲ, ಬುಡಕ್ಕೆ ಹಾಕಿ. ಒರೆಸಿದರೂ ಹೋಗದ, ಎಲೆಯ ಒಳಗೇ ಇರುವ ದುಂಡನೆ ಮಾಸಲು ಚುಕ್ಕೆಯಾದರೆ ಅದು ಮೆಕ್ಸಿಕೊದ ರೈತರು ‘ಬಿಳಿ ಕಾಡಿಗೆ’ ಎಂದು ಕರೆಯುವ ಶಿಲೀಂಧ್ರವಿರಬಹುದು. ಆ ಎಲೆಗಳನ್ನು ತೆಗೆದು ಸುಡಬೇಕು. ಎಲೆ ಮುದುಡಿ, ಹಳದಿ ಹಸಿರು ಮಚ್ಚೆ ಮೂಡಿ, ಗಿಡ ಕುಳ್ಳಗಾದರೆ ನಂಜುರೋಗ. ವಾಸಿಯಾಗುವುದಿಲ್ಲ. ಗಿಡವನ್ನು ಬೇರುಸಹಿತ ತೆಗೆದುಬಿಡಿ, ಕತ್ತರಿಯನ್ನು ತೊಳೆಯದೆ ಬೇರೆ ಗಿಡಕ್ಕೆ ತಾಕಿಸಬೇಡಿ.

ಯಾವ ಔಷಧಿ ಹೊಡೆದರೂ ಡಬ್ಬಿಯ ಮೇಲೆ ಬರೆದ ಕಾಯುವ ದಿನಗಳು ಮುಗಿಯದೆ ಕೊಯ್ಯಬೇಡಿ. ಹೊರಸಿಪ್ಪೆ ಕಾಯಿಯನ್ನು ಕಾಪಾಡುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯದು.

## ಸಿಪ್ಪೆ ಬಿಡಿಸಿದರೆ ಕಾಯಿ ಅಂಟಂಟು

ಇದೇ ಸಹಜ. ಅಂಟೇ ಇಲ್ಲದೆ ಒಣಗಿ ಸುಕ್ಕಾದ ಕಾಯಿ ಹಳತಾಗಿದೆ ಎಂದರ್ಥ. ಆ ಅಂಟಿನಲ್ಲಿ ವಿಥನೊಲೈಡ್ ಎಂಬ ಕಹಿ ರಾಸಾಯನಿಕಗಳಿವೆ. ಅಶ್ವಗಂಧದಲ್ಲಿರುವುದೂ ಇದೇ ಗುಂಪಿನವು. ಕೀಟ ದೂರವಿಡುವುದು ಅದರ ಕೆಲಸ, ಸಾಲ್ಸಾದಲ್ಲಿ ಅದಕ್ಕೆ ಜಾಗವಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನೆನೆಸಿ ಬೆರಳಿನಿಂದ ಉಜ್ಜಿ, ಕಾಯಿ ಕೈಗೆ ಜಾರದೆ ಕೀರಲು ಸದ್ದು ಮಾಡುವ ತನಕ ತೊಳೆಯಿರಿ. ತಣ್ಣೀರಿಗೆ ಈ ಅಂಟು ಸುಲಭಕ್ಕೆ ಬಿಡದು.

ಬಿಡಿಸಿದ ಸಿಪ್ಪೆಯನ್ನು ಹಾಗೇ ತಿನ್ನಬೇಡಿ. ಮೆಕ್ಸಿಕೊದ ಮನೆಗಳಲ್ಲಿ ಅದನ್ನು ಚೆನ್ನಾಗಿ ತೊಳೆದು, ನೀರಿನಲ್ಲಿ ಕುದಿಸಿ ಸೋಸಿ, ಆ ನೀರನ್ನಷ್ಟೇ ತಮಾಲೆ (ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬು) ಮತ್ತು ಬುನ್ಯುವೆಲೊ (ಕರಿದ ಸಿಹಿತಿಂಡಿ) ಹಿಟ್ಟಿಗೆ ಹಾಕುವ ಹಳೆಯ ರೂಢಿಯಿದೆ. ಹಿಟ್ಟು ಉಬ್ಬಿ ಹಗುರಾಗುತ್ತದೆ ಎಂದು.

## ಸಾಲ್ಸಾ ಕಹಿ

ಇಲ್ಲಿ ಊಹಿಸಬೇಡಿ, ಪರೀಕ್ಷಿಸಿ. ತೊಳೆದ ಹಸಿ ಕಾಯಿಯೊಂದನ್ನು ಕತ್ತರಿಸಿ ತುಣುಕು ನಾಲಿಗೆಗಿಡಿ. ಹುಳಿ ಮುಂದೆ, ಹುಲ್ಲಿನ ಸಣ್ಣ ವಾಸನೆ ಹಿಂದೆ ಇರಬೇಕು. ಹಸಿಯಲ್ಲೇ ಕಹಿಯಾಗಿದ್ದರೆ ತಪ್ಪು ಕಾಯಿಯದು: ಒಂದೋ ಅಂಟು ಉಳಿದಿದೆ, ಇಲ್ಲವೇ ಸಿಪ್ಪೆ ತುಂಬದ ಎಳಸನ್ನು ಕಿತ್ತಿದ್ದಾರೆ. ಮತ್ತೊಮ್ಮೆ ತೊಳೆದು ಸವಿದು, ಆಗಲೂ ಕಹಿ ಉಳಿದರೆ ಆ ಕಾಯಿಗಳನ್ನು ಬಿಟ್ಟುಬಿಡಿ. ಕಹಿಯನ್ನು ಸಕ್ಕರೆಯಿಂದ ಮುಚ್ಚುವ ಪ್ರಯತ್ನ ಬೇಡ.

ಹಸಿ ಕಾಯಿ ಚೆನ್ನಾಗಿದ್ದು ಸಾಲ್ಸಾ ಮಾತ್ರ ಕಹಿಯಾದರೆ ತಪ್ಪು ಒಲೆಯಲ್ಲಿದೆ ಅಥವಾ ಮಿಕ್ಸಿಯಲ್ಲಿದೆ. ಕೊಮಾಲ್ ಎಂಬ ಚಪ್ಪಟೆ ಹೆಂಚಿನ ಮೇಲೆ ಎಣ್ಣೆ ಹಾಕದೆ ಸುಡುವುದು ಮೆಕ್ಸಿಕೊದ ಪದ್ಧತಿ. ದಪ್ಪ ತಳದ ದೋಸೆ ಕಾವಲಿಯಲ್ಲೂ ಆಗುತ್ತದೆ. ಕಾಯಿಯ ಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ ಬಿದ್ದು ಒಳಗೆ ಮೆತ್ತಗಾದರೆ ಸಾಕು. ಇಡೀ ಮೈ ಇದ್ದಿಲಾದರೆ ಕಹಿ ಖಂಡಿತ, ಆ ಕಪ್ಪು ಪದರವನ್ನು ಸುಲಿದು ತೆಗೆಯಿರಿ. ಬೆಳ್ಳುಳ್ಳಿಯನ್ನು ಸಿಪ್ಪೆಯೊಂದಿಗೇ ಸುಡಬೇಕು. ಸುಲಿದು ಇಟ್ಟ ಎಸಳು ಕಾಯಿಗಿಂತ ಮೊದಲೇ ಕರಕಲಾಗುತ್ತದೆ, ಅನೇಕ ಸಲ ಕಹಿ ಬರುವುದು ಅಲ್ಲಿಂದ.

ಎರಡೂ ಸರಿಯಿದ್ದರೆ ರುಬ್ಬಿದ ಹೊತ್ತು ನೆನಪಿಸಿಕೊಳ್ಳಿ. ಟೊಮಾಟಿಲ್ಲೊದ ಬೀಜ ಸಣ್ಣದು, ನೂರಾರು. ಮಿಕ್ಸಿ ಒಂದೇ ಸಮನೆ ಓಡಿದರೆ ಬೀಜ ಪುಡಿಯಾಗಿ ಕಹಿ ಬಿಡುತ್ತದೆ, ಗಾಳಿ ಸೇರಿ ನೊರೆಯೂ ಏಳುತ್ತದೆ. ಎರಡೆರಡು ಸೆಕೆಂಡಿನಂತೆ ಐದಾರು ಸಲ ತಿರುಗಿಸಿ ನಿಲ್ಲಿಸಿ. ಮೊಲ್ಕಹೇತೆ ಎಂಬ ಕಲ್ಲಿನ ಒರಳಿನಲ್ಲಿ ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ ಮೊದಲು ಅರೆದು, ಟೊಮಾಟಿಲ್ಲೊವನ್ನು ಕೊನೆಗೆ ಜಜ್ಜುತ್ತಾರೆ. ಬೀಜ ಇಡಿಯಾಗಿ ಉಳಿಯುತ್ತದೆ. ಒರಳಿನ ಸಾಲ್ಸಾ ಮಿಕ್ಸಿಯದಕ್ಕಿಂತ ಮೇಲು ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಎಚ್ಚರ: ಬಿಸಿ ಕಾಯಿಯನ್ನು ಮುಚ್ಚಿದ ಜಾರಿನಲ್ಲಿ ರುಬ್ಬಿದರೆ ಆವಿ ಮುಚ್ಚಳವನ್ನು ಎಸೆದು ಮುಖ ಸುಡುತ್ತದೆ. ಹತ್ತು ನಿಮಿಷ ಆರಿಸಿ, ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೆಣಸಿನಕಾಯಿ ಸುಡುವಾಗ ಕಿಟಕಿ ತೆರೆದಿರಲಿ.

## ಸಾಲ್ಸಾ ಹಲ್ಲು ಚುಳ್ಳೆನ್ನುವಷ್ಟು ಹುಳಿ

ಅಳತೆಯಿಂದ ಶುರುಮಾಡಿ. ಬೇಯಿಸಿದ ಸಾಲ್ಸಾ ವೆರ್ದೆಗೆ 500 ಗ್ರಾಂ ಟೊಮಾಟಿಲ್ಲೊ, ಎರಡರಿಂದ ನಾಲ್ಕು ಸೆರ್ರಾನೊ ಮೆಣಸಿನಕಾಯಿ, ಕಾಲು ಬಿಳಿ ಈರುಳ್ಳಿ, ಒಂದು ಎಸಳು ಬೆಳ್ಳುಳ್ಳಿ, ಹತ್ತು ಹನ್ನೆರಡು ಕಡ್ಡಿ ಕೊತ್ತಂಬರಿ, ಒಂದು ಟೀ ಚಮಚಕ್ಕೆ ತುಸು ಕಡಿಮೆ ಉಪ್ಪು. ಉಪ್ಪು ಕಡಿಮೆಯಾದಾಗಲೂ ಹುಳಿ ಎದ್ದು ಕಾಣುತ್ತದೆ, ಹಾಗಾಗಿ ಮೊದಲು ಚಿಟಿಕೆ ಉಪ್ಪು ಹಾಕಿ ಸವಿಯಿರಿ.

ಮುಂದೆ ಬೇಯಿಸಿದ ರೀತಿ. ಮುಳುಗುವಷ್ಟು ನೀರಿನಲ್ಲಿ ಸಣ್ಣ ಕುದಿಯಲ್ಲಿಟ್ಟು, ಎಳೆಹಸಿರು ಬಣ್ಣ ಮಾಸಿದ ಹಸಿರಿಗೆ ತಿರುಗಿದೊಡನೆ ಇಳಿಸಬೇಕು. ಆರರಿಂದ ಎಂಟು ನಿಮಿಷ. ಟೊಮೇಟೊದಂತೆ ಸಿಪ್ಪೆ ಒಡೆಯುವ ತನಕ ಕುದಿಸಿದರೆ ತಿರುಳು ನೀರಿಗಿಳಿದು, ಹುಳಿ ನೀರು ಮಾತ್ರ ಕೈಗೆ ಸಿಗುತ್ತದೆ. ಕಾಯಿಗಳನ್ನು ಸೌಟಿನಿಂದ ಎತ್ತಿಕೊಳ್ಳಿ. ತೆಳು ಮಾಡಲು ಬೇಯಿಸಿದ ನೀರಿನ ಬದಲು ಒಳ್ಳೆ ನೀರನ್ನೇ ಬಳಸಿ.

ಆಗಲೂ ಹುಳಿ ತಗ್ಗದಿದ್ದರೆ ಒಗ್ಗರಣೆ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಅಥವಾ ಹಂದಿಕೊಬ್ಬು ಕಾಯಿಸಿ, ಸಾಲ್ಸಾ ಸುರಿದು, ಎಂಟು ಹತ್ತು ನಿಮಿಷ ಕುದಿಸಿ. ಮೆಕ್ಸಿಕೊದಲ್ಲಿ ಎಂಚಿಲಾದಾ, ಚಿಲಾಕಿಲೆಸ್‌ಗೆ ಹೋಗುವ ಸಾಲ್ಸಾಕ್ಕೆ ಹೀಗೇ ಮಾಡುವುದು. ಹುಳಿಯ ಚೂಪು ಮೊಂಡಾಗುತ್ತದೆ. ತಣ್ಣಗೆ ಬಡಿಸುವುದಾದರೆ ಹಣ್ಣಾದ ಬೆಣ್ಣೆಹಣ್ಣು ಅರ್ಧ ಸೇರಿಸಿ ತಿರುಗಿಸಿ. ಸಕ್ಕರೆ ಕಾಲು ಟೀ ಚಮಚ ದಾಟಬಾರದು. ಅಡುಗೆ ಸೋಡಾ ತೀರಾ ಕೊನೆಯ ದಾರಿ, ಒಂದು ಚಿಟಿಕೆ. ಹೆಚ್ಚಾದರೆ ಸೋಪಿನ ರುಚಿ.

## ಬಣ್ಣ ಮಂಕಾಯಿತು

ಬಿಸಿ ಮತ್ತು ಹುಳಿ ಎರಡೂ ಸೇರಿದರೆ ಪತ್ರಹರಿತ್ತು ಮಾಸುತ್ತದೆ, ಬೇಯಿಸಿದ ಸಾಲ್ಸಾಕ್ಕೆ ಅದೇ ಬಣ್ಣ ಸರಿ. ಕಡು ಹಸಿರೇ ಬೇಕಿದ್ದರೆ ಹಸಿ ಕಾಯಿಯ ಸಾಲ್ಸಾ ಮಾಡಿ, ಇಲ್ಲವೇ ಕೊತ್ತಂಬರಿಯನ್ನು ಕಾಯಿ ಪೂರ್ತಿ ಆರಿದ ಮೇಲೆ ಹಾಕಿ ರುಬ್ಬಿ. ಮೋಲೆ ವೆರ್ದೆಯಲ್ಲಿ ಲೆಟ್ಯೂಸ್, ಮೂಲಂಗಿ ಸೊಪ್ಪು ಹಾಕುವುದರಿಂದ ಬಣ್ಣವೂ ಬರುತ್ತದೆ.

## ಫ್ರಿಜ್‌ನಲ್ಲಿಟ್ಟದ್ದು ಜೆಲ್ಲಿಯಾಗಿದೆ

ಕೆಟ್ಟಿಲ್ಲ. ಟೊಮಾಟಿಲ್ಲೊದಲ್ಲಿ ಪೆಕ್ಟಿನ್ ಧಾರಾಳವಾಗಿದೆ, ತಂಪಿಗೆ ಹೆಪ್ಪುಗಟ್ಟುತ್ತದೆ. ಎರಡು ಮೂರು ಚಮಚ ನೀರು ಹಾಕಿ ಕದಡಿದರೆ ಅಥವಾ ಬೆಚ್ಚಗೆ ಮಾಡಿದರೆ ಸಡಿಲಾಗುತ್ತದೆ. ಗುಳ್ಳೆ ಏಳುತ್ತಿದ್ದರೆ, ಹುಳಿಸಿದ ಹಿಟ್ಟಿನ ವಾಸನೆ ಬಂದರೆ ಮಾತ್ರ ಚೆಲ್ಲಿ.

## ಕ್ರೀಮ್ ಒಡೆಯಿತು, ಮೋಲೆ ತರಿತರಿಯಾಯಿತು

ಹಾಲು ಅಥವಾ ಮೊಸರನ್ನು ಕುದಿಯುವ ಟೊಮಾಟಿಲ್ಲೊಗೆ ಸುರಿದರೆ ಒಡೆಯದೆ ಇರದು. ಕೊಬ್ಬು ಹೆಚ್ಚಿರುವ ಕ್ರೀಮನ್ನೇ ಬಳಸಿ; ಎರಡು ಸೌಟು ಸಾಲ್ಸಾವನ್ನು ಅದಕ್ಕೆ ಬೆರೆಸಿ ಬೆಚ್ಚಗಾಗಿಸಿ, ಒಲೆ ಆರಿಸಿದ ಮೇಲೆ ಪಾತ್ರೆಗೆ ಹಾಕಿ. ಕುಂಬಳ ಬೀಜ ಅರೆದು ಹಾಕಿದ ಪಿಪಿಯಾನ್, ಮೋಲೆ ವೆರ್ದೆಗಳು ಜೋರು ಕುದಿಗೆ ಬಿಟ್ಟುಕೊಳ್ಳುತ್ತವೆ. ಉರಿ ತಗ್ಗಿಸಿ, ಅರ್ಧ ಕಪ್ ಬಿಸಿ ಸಾರು ಸೇರಿಸಿ, ಆರಿದ ಮೇಲೆ ಮತ್ತೊಮ್ಮೆ ರುಬ್ಬಿದರೆ ಬಹುತೇಕ ಕೂಡಿಕೊಳ್ಳುತ್ತದೆ.

## ನಿಲ್ಲಿಸಿ, ಸಹಾಯ ಪಡೆಯಿರಿ

ಗಿಡದ ಎಲೆ, ಕಾಂಡ ಮತ್ತು ಹೊರಸಿಪ್ಪೆಯಲ್ಲಿ ಬದನೆ ಕುಟುಂಬದ ವಿಷಾಂಶಗಳಿವೆ. ಸೊಪ್ಪಿನಂತೆ ಬೇಯಿಸಬೇಡಿ, ದನಕ್ಕೂ ಹಾಕಬೇಡಿ. ಮಗು ಎಲೆ ಅಥವಾ ಎಳೆಬುಡ್ಡೆ ತಿಂದು ವಾಂತಿ, ಭೇದಿ, ಮಂಪರು ಕಾಣಿಸಿಕೊಂಡರೆ ಬಲವಂತದಿಂದ ವಾಂತಿ ಮಾಡಿಸದೆ, ಗಿಡದ ಕೊಂಬೆಯೊಂದನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗಿ.

ಕಾಯಿಗಳನ್ನು ಸಿಪ್ಪೆ ಬಿಡಿಸದೆ ಕಾಗದದ ಚೀಲದಲ್ಲಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ವಾರ ಬಾಳುತ್ತವೆ. ಪ್ಲಾಸ್ಟಿಕ್‌ನಲ್ಲಿ ಬೆವತು ಬೂಷ್ಟು ಹಿಡಿಯುತ್ತದೆ. ಮಾಡಿದ ಸಾಲ್ಸಾ ಫ್ರಿಜ್‌ನಲ್ಲಿ ನಾಲ್ಕೈದು ದಿನ, ಹೆಪ್ಪುಗಟ್ಟಿಸಿದರೆ ಮೂರು ತಿಂಗಳು. ಬಾಟಲಿಯಲ್ಲಿ ಮುಚ್ಚಿ ಕಪಾಟಿನಲ್ಲಿಡುವ ವಿಷಯ ಬೇರೆ. ಟೊಮಾಟಿಲ್ಲೊ ಹುಳಿಯೇ, ಆದರೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿದಂತೆ ಹುಳಿ ತಗ್ಗುತ್ತದೆ. ಹುಳಿ ತಗ್ಗಿದಂತೆ ಏರುವ ಅಳತೆಯಾದ ಪಿಎಚ್ 4.6ಕ್ಕಿಂತ ಮೇಲೇರಿದರೆ ಗಾಳಿಯಿಲ್ಲದ ಬಾಟಲಿಯಲ್ಲಿ ಬಾಟುಲಿಸಂ ವಿಷ ಹುಟ್ಟಬಲ್ಲದು. ಪರೀಕ್ಷಿಸಿದ ಅಳತೆ, ಅದರಲ್ಲಿ ಹೇಳಿದಷ್ಟು ನಿಂಬೆರಸ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಮುಚ್ಚಳ ಉಬ್ಬಿದ್ದರೆ, ತೆರೆದಾಗ ಚಿಮ್ಮಿದರೆ, ರುಚಿ ನೋಡದೆ ಎಸೆಯಿರಿ. ತಿಂದವರಿಗೆ ಕಣ್ಣು ಮಂಜಾಗಿ, ರೆಪ್ಪೆ ಜೋತುಬಿದ್ದು, ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಉಳಿದ ಸಾಲ್ಸಾದ ಬಾಟಲಿಯನ್ನು ವೈದ್ಯರಿಗೆ ತೋರಿಸಿ.